ಮೊದಲ ಭಾಗದ ಬಾಕಿ

ದೊಡ್ಡ ಕಥೆಯೊಂದರ ಮುಂದಿನ ಭಾಗ ಹೊರಬಂದಾಗ ಓದುಗರು ಆಡುವ ಮಾತು ಯಾವ ದೇಶದಲ್ಲೂ ಹೆಚ್ಚು ಬದಲಾಗುವುದಿಲ್ಲ. ಮೊದಲಿನ ಬಿಗಿ ಇದರಲ್ಲಿಲ್ಲ ಎನ್ನುತ್ತಾರೆ. ಎಲ್ಲೆಲ್ಲಿಂದಲೋ ಹೊಸ ಊರು, ಹೊಸ ಹೆಸರು ತಂದು ಸುರಿದಿದ್ದಾರೆ, ನಮಗೆ ಬೇಕಾದವರು ಮೂಲೆಗೆ ಬಿದ್ದಿದ್ದಾರೆ ಎನ್ನುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ನಮ್ಮ ನಾಯಕ ಹೀಗೆಲ್ಲ ಮಾಡುವವನೇ ಅಲ್ಲ ಎಂದು ಮುನಿಸಿಕೊಳ್ಳುತ್ತಾರೆ. ಅಮೆರಿಕದ ಜಾರ್ಜ್ ಆರ್. ಆರ್. ಮಾರ್ಟಿನ್ ತಮ್ಮ ಸಿಂಹಾಸನದ ಕಥಾಮಾಲೆಯ ನಾಲ್ಕನೆಯ ಸಂಪುಟವನ್ನು 2005ರಲ್ಲಿ ತಂದಾಗ ಓದುಗರ ಮೆಚ್ಚಿನ ಎಷ್ಟೋ ಪಾತ್ರಗಳು ಅದರಲ್ಲಿ ಕಾಣಿಸಲೇ ಇಲ್ಲ. ಅವು 2011ರ ಐದನೆಯ ಸಂಪುಟಕ್ಕೆ ಹೋಗಿದ್ದವು. ಆಗ ಶುರುವಾದ ಗೊಣಗಾಟ ಇಂದಿಗೂ ನಿಂತಿಲ್ಲ. ಇಂಥ ಗೊಣಗಾಟವನ್ನು ತೂಗಿ ನೋಡಲು ನಮ್ಮ ಪಂಜ ಒಳ್ಳೆಯ ಜಾಗ ಎಂದು ನನಗೆ ತೋರುತ್ತದೆ. ಕಾರಣ ಇಷ್ಟೆ: ತುಳುನಾಡಿನ ಅತಿ ಪ್ರಸಿದ್ಧ ವೀರಕಥೆಯ ಉತ್ತರಾರ್ಧ ನಡೆಯುವುದು ಈ ಸೀಮೆಯಲ್ಲಿ. ಆ ಉತ್ತರಾರ್ಧದಲ್ಲಿ ಪಂಜಕ್ಕೆ ಸಿಕ್ಕಿರುವುದು ಒಳ್ಳೆಯ ಪಾತ್ರವೇನೂ ಅಲ್ಲ. ತನ್ನ ಊರೇ ಎರಡನೆಯ ಭಾಗದ ಖಳನಾಗಿರುವ ಕಥೆಯನ್ನು ತಲೆಮಾರುಗಳಿಂದ ಕೇಳಿಕೊಂಡು ಬಂದವರಿಗಿಂತ ಚೆನ್ನಾಗಿ ಮುಂದಿನ ಭಾಗಗಳ ಬಗ್ಗೆ ಮಾತಾಡಬಲ್ಲವರು ಯಾರಿದ್ದಾರೆ?

ಆ ವೀರಕಥೆ ಕೋಟಿ ಚೆನ್ನಯರದು. ಅದರ ಮೊದಲ ಭಾಗ ಪುತ್ತೂರಿನ ಕಡೆಯ ಪಡುಮಲೆಯದು. ಅಲ್ಲಿನ ಪೆರುಮಾಳ ಬಲ್ಲಾಳನ ಕಾಲಿಗೆ ಮುಳ್ಳು ತಾಗಿ, ಹುಣ್ಣಾಗಿ, ಇನ್ನು ಉಳಿಯುವುದಿಲ್ಲ ಎನ್ನುವಾಗ ತುಂಬಿದ ಬಸುರಿ ದೇಯಿ ಬೈದೆತಿ ಬಂದು ಮದ್ದು ಮಾಡಿ ಬದುಕಿಸುತ್ತಾಳೆ. ಬಲ್ಲಾಳ ಮಾತು ಕೊಡುತ್ತಾನೆ. ಕೋಟಿ, ಚೆನ್ನಯ ಎಂಬ ಅವಳಿ ಮಕ್ಕಳು ಹುಟ್ಟುತ್ತವೆ, ತಾಯಿ ತೀರಿಕೊಳ್ಳುತ್ತಾಳೆ, ಸಾಯನ ಬೈದ್ಯನ ಆಸರೆಯಲ್ಲಿ ಹುಡುಗರು ಬೆಳೆಯುತ್ತಾರೆ. ಅರಮನೆಯ ಬುದ್ಯಂತನಿಗೂ ಇವರಿಗೂ ಚೆಂಡಿನಾಟದ ಜಗಳದಿಂದ ಶುರುವಾದ ಹಗೆ ಮುಂದೆ ಗದ್ದೆಯ ಹುಣಿಯವರೆಗೆ ಬಂದು, ಒಂದು ದಿನ ಬುದ್ಯಂತ ಅವರ ಕೈಯಲ್ಲಿ ಸಾಯುತ್ತಾನೆ. ಆಮೇಲೆ ಬಲ್ಲಾಳನ ಎದುರು ನಿಂತು, ಅಮ್ಮನಿಗೆ ಕೊಟ್ಟ ಮಾತು ನಡೆಸಿಕೊಡಿ ಎಂದು ಕೇಳುತ್ತಾರೆ. ಬಲ್ಲಾಳ ನಡೆಸಿಕೊಡುವುದಿಲ್ಲ. ಇವರು ಪಡುಮಲೆಯನ್ನು ಬಿಟ್ಟು ಹೊರಡುತ್ತಾರೆ. ಇಲ್ಲಿಯವರೆಗಿನ ಕಥೆಯಲ್ಲಿ ಕೇಳುವವನಿಗೆ ಕೊರತೆ ಎನ್ನುವುದಿಲ್ಲ. ಊರು ಒಂದು, ಹಗೆ ಒಂದು, ಅನ್ಯಾಯ ಎಳೆ ಮಗುವಿಗೂ ಕಾಣುವಷ್ಟು ಸ್ಪಷ್ಟ. ಇಲ್ಲಿಗೇ ನಿಲ್ಲಿಸಿದ್ದರೂ ಒಳ್ಳೆಯ ಕಥೆಯೆಂದೇ ಹೇಳುತ್ತಿದ್ದರು.

ಆದರೆ ಈ ಕಥೆಯನ್ನು ಹಾಡುವ ಪಾಡ್ದನ ಅಲ್ಲಿಗೆ ನಿಲ್ಲುವುದಿಲ್ಲ. ದಾರಿಯಲ್ಲಿ ಸುಂಕದ ಕಟ್ಟೆ ಬರುತ್ತದೆ. ಸುಂಕದವನು ತಡೆಯುತ್ತಾನೆ. ಇವರ ಬಳಿ ಹೇರಿಲ್ಲ, ಎತ್ತಿಲ್ಲ, ಮಾರುವ ಸರಕಿಲ್ಲ. ಸೊಂಟದಲ್ಲಿ ಸುರಿಯ ಒಂದಿದೆ. ಅದರ ಉಕ್ಕಿಗೇ ಸುಂಕ ಕೇಳುತ್ತಾನೆ ಅವನು. ಮಾತಿಗೆ ಮಾತು ಬೆಳೆದು ಸುಂಕದವನು ಅಲ್ಲೇ ಉರುಳುತ್ತಾನೆ. ಮೊದಲ ಭಾಗದಲ್ಲಿ ಇವರ ಪರವಾಗಿ ಎದೆಯುಬ್ಬಿಸಿ ಕುಳಿತವನಿಗೆ ಇಲ್ಲಿ ಸಣ್ಣದೊಂದು ಕಸಿವಿಸಿಯಾಗಬೇಕು. ಆ ಸುಂಕದವನೇನು ಬುದ್ಯಂತನೇ? ಹೊಟ್ಟೆಪಾಡಿನ ಅಧಿಕಾರದವನು. ಆಮೇಲೆ ಪಂಜ. ಅಕ್ಕ ಕಿನ್ನಿದಾರು ಪಯ್ಯ ಬೈದ್ಯನ ಮಡದಿಯಾಗಿ ಇಲ್ಲಿ ಬದುಕುತ್ತಿದ್ದಾಳೆ. ಬಾಯಾರಿ ನೀರು ಕೇಳಿದ ಅಪರಿಚಿತರು ತನ್ನ ತಮ್ಮಂದಿರು ಎಂದು ಮಾತಾಡುತ್ತಾ ಮಾತಾಡುತ್ತಾ ತಿಳಿಯುತ್ತಾಳೆ. ಇಡೀ ಕಥೆಯಲ್ಲಿ ನನಗೆ ಬಹಳ ಹಿಡಿಸುವ ಭಾಗ ಅದು. ಅಲ್ಲಿಂದ ಮುಂದೆ ಪಂಜದ ಕೇಮರ ಬಲ್ಲಾಳ, ಅವನ ಕಡೆಯ ಚಂದುಗಿಡಿ, ಆಸರೆ ಕೇಳಿದ ಅರಮನೆಯಲ್ಲೇ ಸೆರೆ, ಬೆರ್ಮರೆಂಬ ದೈವವನ್ನು ನೆನೆದು ಸೆರೆ ಒಡೆಯುವುದು, ಗಡಿ ದಾಟಿ ಎಣ್ಮೂರಿನ ದೇವ ಬಲ್ಲಾಳನನ್ನು ಸೇರುವುದು, ಒಂದು ಕಾಡುಹಂದಿಯ ನೆಪದಲ್ಲಿ ಪಂಜಕ್ಕೂ ಎಣ್ಮೂರಿಗೂ ಯುದ್ಧ ಹತ್ತಿಕೊಳ್ಳುವುದು. ಊರುಗಳು ಮೂರಾದವು, ಬಲ್ಲಾಳರೂ ಮೂವರಾದರು. ಇಂದಿನ ಕಾದಂಬರಿಯ ಓದುಗನ ಕೈಗೆ ಇದನ್ನು ಕೊಟ್ಟು ನೋಡಿ, ಮೊದಲ ಪ್ಯಾರಾದಲ್ಲಿ ಹೇಳಿದ ದೂರುಗಳನ್ನೆಲ್ಲ ಒಂದೂ ಬಿಡದೆ ಹೊರಿಸುತ್ತಾನೆ. ಹೊಸ ಊರು, ಹೊಸ ಹೆಸರು, ಸಡಿಲ ಓಟ, ನಾಯಕರ ಕೈಗೂ ರಕ್ತ, ಕೊನೆಗೆ ಒಂದು ಹಂದಿಯ ಮೇಲೆ ಮಹಾಯುದ್ಧ!

ಹಾಗಿದ್ದೂ ಜನ ಈ ಉತ್ತರಾರ್ಧವನ್ನು ಕೈಬಿಡಲಿಲ್ಲ. ಯಾಕೆ ಎನ್ನುವುದಕ್ಕೆ ಉತ್ತರ ಯುದ್ಧದ ಕೊನೆಯಲ್ಲಿದೆ. ಎಣ್ಮೂರಿನ ಪರವಾಗಿ ಕಾದುವ ಕೋಟಿಗೆ ತಾಗುವ ಬಾಣ ಪಂಜದವರದಲ್ಲ. ಪಡುಮಲೆಯ ಪೆರುಮಾಳ ಬಲ್ಲಾಳನದು. ಯಾರ ಕಾಲಿನ ಮುಳ್ಳನ್ನು ದೇಯಿ ತೆಗೆದಳೋ ಅವನದು. ನಡೆಸದೆ ಬಿಟ್ಟ ಮಾತೊಂದು ಇಷ್ಟು ಊರು ಸುತ್ತಿ, ಇಷ್ಟು ಜನರನ್ನು ಎಳೆದುಕೊಂಡು, ಕೊನೆಗೆ ಬಾಣವಾಗಿ ಬಂತು. ತಮ್ಮ ಅಣ್ಣನನ್ನು ಹಿಂಬಾಲಿಸುತ್ತಾನೆ, ಹಗೆಯ ಅರಸರು ಹೆಣದ ಎದುರು ತಲೆತಗ್ಗಿಸುತ್ತಾರೆ. ಪಾಡ್ದನದ ಪಾಠಗಳಲ್ಲಿ ಊರಿಂದೂರಿಗೆ ವ್ಯತ್ಯಾಸವುಂಟು, ಆದರೆ ಈ ಗಂಟು ಬಿಗಿಯಾಗಿಯೇ ಇದೆ. ನನ್ನ ವಾದವೂ ಇಷ್ಟೇ. ಮೊದಲ ಭಾಗ ತೀರಿಸದೆ ಬಿಟ್ಟ ಬಾಕಿಯನ್ನು ವಸೂಲು ಮಾಡುವುದಕ್ಕೇ ಮುಂದಿನ ಭಾಗ ಹುಟ್ಟಬೇಕು. ವಸೂಲಿಗೆ ಬಂದವನ ಮುಖ ಯಾರಿಗೂ ಹಿತವಾಗಿ ಕಾಣುವುದಿಲ್ಲ. ಆದ್ದರಿಂದ ಒಳ್ಳೆಯ ಮುಂದಿನ ಭಾಗಕ್ಕೆ ಓದುಗರ ಮುನಿಸು ಬಂದೇ ಬರುತ್ತದೆ. ಬಾಕಿಯನ್ನು ಮುಟ್ಟದೆ ಬರೇ ಕಥೆಯನ್ನು ಮುಂದುವರಿಸಿದ ಭಾಗಕ್ಕೆ ಮುನಿಸೂ ಇರುವುದಿಲ್ಲ, ಆಯುಸ್ಸೂ ಇರುವುದಿಲ್ಲ.

ಇಲ್ಲಿಯೇ ಒಂದು ಆಕ್ಷೇಪ ಎದ್ದೀತು. ಬೈದೆರ್ಕಳು, ಅಂದರೆ ಕೋಟಿ ಚೆನ್ನಯರು, ಗರಡಿಯಲ್ಲಿ ನೇಮ ಪಡೆಯುವ ದೈವಗಳು. ಅವರ ಕಥೆಯನ್ನು ಪರದೇಶದ ಕಲ್ಪನಾ ಕಾದಂಬರಿಗಳ ಸಾಲಿನಲ್ಲಿಟ್ಟು ‘ಎರಡನೆಯ ಭಾಗ’ ಎಂದು ವಿಮರ್ಶೆ ಮಾಡುವುದು ಸರಿಯೇ? ಅಷ್ಟಕ್ಕೂ ಪಾಡ್ದನಕ್ಕೆ ಒಬ್ಬ ಕರ್ತೃವಿಲ್ಲ, ಪ್ರಕಾಶಕನಿಲ್ಲ, ಮೊದಲ ಭಾಗ ಗೆದ್ದಿತೆಂದು ಎರಡನೆಯದನ್ನು ಬರೆಸಿದವರಿಲ್ಲ. ಒಪ್ಪುವ ಮಾತು. ನಂಬಿಕೆಯನ್ನು ನಾನು ಮುಟ್ಟುತ್ತಿಲ್ಲ. ನಂಬಿಕೆಗೆ ಆಧಾರವಾಗಿ ನಿಂತ ಕಥೆಯ ಕಟ್ಟಡವನ್ನು ಮಾತ್ರ ನೋಡುತ್ತಿದ್ದೇನೆ. ಕರ್ತೃವಿಲ್ಲ ಎನ್ನುವುದು ನನ್ನ ವಾದಕ್ಕೆ ಅಡ್ಡಿಯಲ್ಲ, ಬಲ. ಒಬ್ಬ ಲೇಖಕ ಬರೆದ ಮುಂದಿನ ಭಾಗವನ್ನು ಓದುಗ ಬಯ್ದರೂ ಅದು ಮುದ್ರಿತವಾಗಿ ಉಳಿಯುತ್ತದೆ. ಬಾಯಿಂದ ಬಾಯಿಗೆ ಬರುವ ಕಥೆಯಲ್ಲಿ ಕೇಳುಗನಿಗೆ ಬೇಡವಾದದ್ದು ಒಂದೆರಡು ತಲೆಮಾರಿನಲ್ಲಿ ಉದುರಿಹೋಗುತ್ತದೆ. ಬಾಸೆಲ್ ಮಿಷನ್ನಿನ ಮ್ಯಾನರ್ 1886ರಲ್ಲಿ ಪಾಡ್ದನಗಳನ್ನು ಅಚ್ಚು ಹಾಕಿಸುವ ಮೊದಲು, ಬರ್ನೆಲ್ ಸಂಗ್ರಹಿಸಿದ್ದು 1894ರಿಂದ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಬೆಳಕು ಕಾಣುವ ಮೊದಲು, ಈ ಕಥೆಯನ್ನು ಉಳಿಸಿದ್ದು ನೇಜಿ ನೆಡುವ ಗದ್ದೆಯೂ ನೇಮದ ಅಂಗಳವೂ. ಪಂಜದ ಸೆರೆ, ಎಣ್ಮೂರಿನ ಯುದ್ಧ ಅಲ್ಲಿ ಉದುರಲಿಲ್ಲ. ಅಷ್ಟೇ ಅಲ್ಲ, ಆದಿ ಗರಡಿ ಎಂಬ ಮಾನ ಸಿಕ್ಕಿದ್ದು ಹುಟ್ಟಿದ ಪಡುಮಲೆಗಲ್ಲ, ಮಡಿದ ಎಣ್ಮೂರಿಗೆ. ಕೇಳುಗರು ಕೊಟ್ಟ ತೀರ್ಪು ಎಂದರೆ ಅದು.

ಕೃತಿಕಾರನ ಹೆಸರಿರುವ ಉದಾಹರಣೆಯೇ ಬೇಕಾದರೆ ಕನ್ನಡದಲ್ಲಿ ಅದಕ್ಕೇನೂ ಬರವಿಲ್ಲ. ಕುಮಾರವ್ಯಾಸ ಭಾರತವನ್ನು ಹತ್ತು ಪರ್ವಗಳಿಗೆ, ಗದಾಪರ್ವಕ್ಕೆ ನಿಲ್ಲಿಸಿದ. ಉಳಿದ ಎಂಟು ಪರ್ವಗಳನ್ನು ಕೃಷ್ಣದೇವರಾಯನ ಆಶ್ರಯದಲ್ಲಿ ತಿಮ್ಮಣ್ಣ ಕವಿ ಬರೆದು ಮುಗಿಸಿದ. ಅದೇ ಭಾಮಿನಿ ಷಟ್ಪದಿ, ಅದೇ ಕಥೆ, ವ್ಯಾಸರ ದಾರಿಯನ್ನು ಬಿಟ್ಟು ಆಚೀಚೆ ಹೋಗದ ನಿಷ್ಠೆ. ಓದುಗರ ದೂರಿಗೆ ಎಡೆ ಕೊಡುವಂಥದ್ದು ಅದರಲ್ಲಿ ಏನೂ ಇಲ್ಲ. ಯಾರೂ ದೂರಲೂ ಇಲ್ಲ. ಓದುವವರೇ ಕಡಿಮೆಯಾದರು. ಗಮಕದ ಪೀಠಗಳಲ್ಲಿ ಗದುಗಿನ ಭಾರತ ಮೊಳಗುತ್ತಲೇ ಬಂತು, ತಿಮ್ಮಣ್ಣನ ‘ಕೃಷ್ಣರಾಯ ಭಾರತ’ ವಿದ್ವಾಂಸರ ಮಾತಿನಲ್ಲಿ ಉಳಿಯಿತು. ಆದರೆ ಕುಮಾರವ್ಯಾಸ ಬಿಟ್ಟಲ್ಲಿಂದ ಮುಂದಿನ ಕಥೆ ಕನ್ನಡಿಗರಿಗೆ ಬೇಡವಾಗಿತ್ತು ಎನ್ನುವಂತಿಲ್ಲ. ಅದೇ ಕುರುಕ್ಷೇತ್ರದ ನಂತರದ ಕಥೆಯನ್ನು ಕಡೂರು ಸೀಮೆಯ ದೇವನೂರಿನ ಲಕ್ಷ್ಮೀಶ ವಾರ್ಧಕದಲ್ಲಿ ಹೇಳಿದಾಗ ನಾಡಿಗೆ ನಾಡೇ ಎತ್ತಿಕೊಂಡಿತು. ಜೈಮಿನಿ ಭಾರತ ಓದಲು ಬಂದರೆ ಕನ್ನಡ ಬಂದಂತೆ ಎಂದು ಎಣಿಸಿದ ಕಾಲವೊಂದಿತ್ತು. ಯಕ್ಷಗಾನದ ಮೇಳಗಳು ಅದರಿಂದ ಸುಧನ್ವ ಕಾಳಗವನ್ನೂ ಬಭ್ರುವಾಹನ ಕಾಳಗವನ್ನೂ ತೆಗೆದುಕೊಂಡು ಇಂದಿಗೂ ಕುಣಿಸುತ್ತಿವೆ.

ಎರಡೂ ಮುಂದಿನ ಭಾಗಗಳೇ. ಒಂದು ಮರೆತುಹೋಯಿತು, ಇನ್ನೊಂದು ಮನೆಮಾತಾಯಿತು. ವ್ಯತ್ಯಾಸ ಲಕ್ಷ್ಮೀಶನ ನಾದದಲ್ಲಿದೆ ಎಂದು ಪಂಡಿತರು ಹೇಳುತ್ತಾರೆ, ಅದು ಸುಳ್ಳಲ್ಲ. ಆದರೆ ನಾದ ಕೇಳದ, ಆಟ ಮಾತ್ರ ನೋಡುವವನಿಗೂ ಬಭ್ರುವಾಹನ ಹಿಡಿಸುವುದು ಯಾಕೆ? ಅದರೊಳಗೆ ಬರುವ ಜ್ವಾಲೆಯ ಕಥೆಯನ್ನು ಹತ್ತಿರದಿಂದ ನೋಡಿ. ಗಂಡ ನೀಲಧ್ವಜ ಅರ್ಜುನನಿಗೆ ಸೋತು ಅಶ್ವಮೇಧದ ಕುದುರೆಯನ್ನು ಬಿಟ್ಟುಕೊಟ್ಟದ್ದನ್ನು ಅವಳು ತಾಳಲಾರಳು. ಗಂಗೆಯ ದಡಕ್ಕೆ ಹೋಗಿ, ನಿನ್ನ ಮಗ ಭೀಷ್ಮನನ್ನು ಅಡ್ಡಗೋಡೆಯ ಮರೆಯಲ್ಲಿ ನಿಂತಂತೆ ಶಿಖಂಡಿಯ ಮರೆಯಲ್ಲಿ ನಿಂತು ಕೊಂದವನನ್ನು ಸುಮ್ಮನೆ ಬಿಟ್ಟಿದ್ದೀಯಲ್ಲ ಎಂದು ಚುಚ್ಚುತ್ತಾಳೆ. ಗಂಗೆ ಅರ್ಜುನನನ್ನು ಶಪಿಸುತ್ತಾಳೆ, ಜ್ವಾಲೆ ಬೆಂಕಿಗೆ ಬಿದ್ದು ಬಾಣವಾಗಿ ಬಭ್ರುವಾಹನನ ಬತ್ತಳಿಕೆ ಸೇರುತ್ತಾಳೆ. ಮಣಿಪುರದಲ್ಲಿ ಆ ಹುಡುಗ ಅಪ್ಪನೆಂದು ಕಾಣಿಕೆ ಹೊತ್ತು ಬಂದಾಗ ಅರ್ಜುನ ಅವನ ಹುಟ್ಟನ್ನೇ ಹಳಿಯುತ್ತಾನೆ. ತೀರ್ಥಯಾತ್ರೆಯ ಕಾಲದಲ್ಲಿ ಮದುವೆಯಾಗಿ ಬಿಟ್ಟು ಬಂದ ಚಿತ್ರಾಂಗದೆ ಗೆದ್ದವನ ನೆನಪಿನಲ್ಲಿ ಉಳಿದಿರಲೇ ಇಲ್ಲ. ಮಗನ ಬಾಣಕ್ಕೆ ಅಪ್ಪನ ತಲೆ ಉರುಳುತ್ತದೆ. ಆಮೇಲೆ ಕೃಷ್ಣ ಬಂದು ಬದುಕಿಸಿದ, ಸರಿ. ಆದರೆ ಉರುಳಿದ್ದು ಉರುಳಿತು. ಭೀಷ್ಮಪರ್ವದ ಬಾಕಿಯನ್ನೂ ಆದಿಪರ್ವದ ಬಾಕಿಯನ್ನೂ ಒಂದೇ ಬಾಣದಲ್ಲಿ ತೀರಿಸಿದ ಈ ಘಟ್ಟದಲ್ಲಿಯೇ, ಸೀತೆಯನ್ನು ಕಾಡಿಗಟ್ಟಿದ ಕಥೆಯನ್ನೂ ಕುಶಲವರು ಅಪ್ಪನ ಸೇನೆಯನ್ನು ಸೋಲಿಸಿದ ಕಥೆಯನ್ನೂ ಜೈಮಿನಿ ಭಾರತ ಹೆಣೆದು ಇಟ್ಟಿದೆ. ಬಿಟ್ಟುಹೋದ ಹೆಂಡತಿ, ಗುರುತಿಸದ ಮಗ: ಎರಡು ಮಹಾಕಾವ್ಯಗಳ ಒಂದೇ ಬಗೆಯ ಬಾಕಿಯನ್ನು ಪಕ್ಕಪಕ್ಕದಲ್ಲಿ ಇಟ್ಟವನಿಗೆ ತಾನು ಮಾಡುತ್ತಿರುವುದೇನು ಎಂದು ಚೆನ್ನಾಗಿ ಗೊತ್ತಿತ್ತು.

ತಿಮ್ಮಣ್ಣನಿಗೆ ಇದು ಅನ್ಯಾಯದ ತೂಕ ಎನ್ನುವವರಿದ್ದಾರೆ. ಅವನ ಪಾಲಿಗೆ ಬಂದದ್ದು ಶಾಂತಿಪರ್ವ, ಅನುಶಾಸನಪರ್ವ. ಅಲ್ಲಿ ಧರ್ಮೋಪದೇಶವಿದೆಯೇ ಹೊರತು ಕಥೆ ಎಲ್ಲಿದೆ? ಲಕ್ಷ್ಮೀಶನಾದರೋ ಬೇಕಾದ್ದನ್ನು ಆರಿಸಿಕೊಂಡ. ಈ ಮಾತನ್ನು ಅರ್ಧ ಒಪ್ಪುತ್ತೇನೆ. ಆದರೆ ಆರಿಸಿಕೊಳ್ಳುವುದೇ ಮುಂದಿನ ಭಾಗ ಬರೆಯುವವನ ಕೆಲಸವಲ್ಲವೇ? ಮೂಲದಲ್ಲಿ ಮಿಕ್ಕದ್ದನ್ನೆಲ್ಲ ತುಂಬಿಕೊಡುವುದು ಒಂದು ಸೇವೆ. ಅದಕ್ಕೆ ಗೌರವ ಸಲ್ಲಬೇಕು. ರಾಬರ್ಟ್ ಜೋರ್ಡನ್ ಎಂಬ ಕಾದಂಬರಿಕಾರ 2007ರಲ್ಲಿ ತೀರಿಕೊಂಡಾಗ ಅವನ ಕಾಲಚಕ್ರದ ಕಥಾಮಾಲೆಯನ್ನು ಟಿಪ್ಪಣಿಗಳ ಆಧಾರದಿಂದ ಬ್ರ್ಯಾಂಡನ್ ಸ್ಯಾಂಡರ್ಸನ್ ಎಂಬ ಕಿರಿಯ ಲೇಖಕ ಮೂರು ಸಂಪುಟಗಳಲ್ಲಿ, 2013ರ ಹೊತ್ತಿಗೆ, ಮುಗಿಸಿಕೊಟ್ಟ. ಕಥೆ ಅಂತೂ ದಡ ಸೇರಿತಲ್ಲ ಎಂದು ಓದುಗರು ಕೃತಜ್ಞರಾದರು. ಕೃತಜ್ಞತೆ ಒಳ್ಳೆಯ ಗುಣ, ಆದರೆ ಅದರಿಂದ ಆಟವಾಗುವುದಿಲ್ಲ. ರಾತ್ರಿಯಿಡೀ ಜನರನ್ನು ಕೂರಿಸುವುದು ಜಗಳ.

ಜಗಳ ಎಂದ ಮೇಲೆ ಉತ್ತರಕಾಂಡವನ್ನು ಬಿಡುವಂತಿಲ್ಲ. ಈ ಭಾಗಕ್ಕೆ ಬಂದಷ್ಟು ಮುನಿಸು ಲೋಕದ ಬೇರಾವ ಮುಂದಿನ ಭಾಗಕ್ಕೂ ಬಂದಿರಲಾರದು. ಪಟ್ಟಾಭಿಷೇಕವಾಗಿ, ಫಲಶ್ರುತಿಯೂ ಆಗಿ, ಮಂಗಳ ಹಾಡಿ ಎದ್ದ ಮೇಲೆ ಮತ್ತೆ ಕೂರಿಸಿ, ಬಸುರಿ ಹೆಂಡತಿಯನ್ನು ಕಾಡಿಗೆ ಕಳಿಸಿದ ಕಥೆ ಹೇಳಿದರೆ ಯಾರಿಗೆ ತಾನೇ ಸಂಕಟವಾಗದು? ನಮ್ಮ ತೊರವೆಯ ನರಹರಿ ಪಟ್ಟಾಭಿಷೇಕಕ್ಕೇ ಕೈಮುಗಿದು ನಿಲ್ಲಿಸಿದ. ಉತ್ತರಕಾಂಡ ವಾಲ್ಮೀಕಿಯದೇ ಅಲ್ಲ, ಪ್ರಕ್ಷಿಪ್ತ ಎಂದು ಆಧುನಿಕ ವಿದ್ವಾಂಸರು ಬಹುಮಟ್ಟಿಗೆ ಒಪ್ಪಿದ್ದಾರೆ. ಆಕ್ಷೇಪದವರ ಕೈಯಲ್ಲಿರುವ ಬಲವಾದ ಅಸ್ತ್ರ ಇದು: ಬೇರೆಯವರು ಸೇರಿಸಿದ್ದನ್ನು ನಾವು ಯಾಕೆ ಹೊರಬೇಕು? ನನಗೆ ತೋರುವುದು ಬೇರೆ. ಸೇರಿಸಿದ್ದು ಇನ್ನೊಬ್ಬನೇ ಆದರೆ ಅವನೊಬ್ಬ ಮೊದಲ ದರ್ಜೆಯ ಓದುಗನಾಗಿದ್ದ. ಯುದ್ಧಕಾಂಡದ ಕೊನೆಯಲ್ಲಿ ಬೆಂಕಿಗೆ ಹಾರಿ ಹೊರಬಂದವಳ ಮಾತು ಮುಗಿಯಲಿಲ್ಲ ಎಂಬುದು ಅವನಿಗೆ ಹೊಳೆದಿತ್ತು. ಲಂಕೆಯಲ್ಲಿ ಕೇಳಿದ ಪ್ರಶ್ನೆಯನ್ನು ಅಯೋಧ್ಯೆಯೂ ಕೇಳದೆ ಬಿಟ್ಟೀತೇ? ಉತ್ತರಕಾಂಡ ಎನ್ನುವುದು ರಾಮಾಯಣದ ಬಗ್ಗೆ ಬರೆದ ಅತಿ ಹಳೆಯ ಓದುಗನ ಅಭಿಪ್ರಾಯ.

ಆ ಅಭಿಪ್ರಾಯವನ್ನು ನಮ್ಮ ಸೀಮೆಯವರು ಇಂದಿಗೂ ಮುಂದುವರಿಸುತ್ತಿರುವ ರೀತಿ ತಾಳಮದ್ದಳೆ. ಪುತ್ತೂರು, ಸುಳ್ಯ, ಕಾಸರಗೋಡಿನ ಕಡೆ ಒಂದು ಕೂಟದಲ್ಲಿ ಕುಶಲವರ ಕಾಳಗ ಇಟ್ಟರೆ ನಡೆಯುವುದೇನು? ವೇಷವಿಲ್ಲ, ಕುಣಿತವಿಲ್ಲ. ಪಂಚೆ ಶಾಲಿನ ಅರ್ಥಧಾರಿಗಳು ಎದುರುಬದುರಾಗಿ ಕುಳಿತಿದ್ದಾರೆ. ಭಾಗವತರು ಪದ ಹೇಳಿ ಮುಗಿಸುತ್ತಾರೆ, ಮದ್ದಳೆ ಚೆಂಡೆ ನಿಲ್ಲುತ್ತದೆ. ರಾಮನ ಅರ್ಥ ಹೇಳುವವನು ಹುಡುಗನನ್ನು ಕೇಳುತ್ತಾನೆ, ನಿನ್ನ ತಂದೆ ಯಾರು? ಕುಶನ ಅರ್ಥ ಹೇಳುವವನು ಸ್ವಲ್ಪ ಗಟ್ಟಿಗನಾಗಿದ್ದರೆ ಆ ಪ್ರಶ್ನೆಯನ್ನೇ ಹಿಡಿದು ತಿರುಗಿಸುತ್ತಾನೆ: ಅಮ್ಮ ಇರುವುದು ಕಾಡಿನಲ್ಲಿ; ಕಾಡಿಗೆ ಕಳಿಸಿದವನನ್ನು ತಂದೆ ಎನ್ನುವುದೋ ಅರಸ ಎನ್ನುವುದೋ, ನೀವೇ ಹೇಳಿ ಎನ್ನುತ್ತಾನೆ. ರಾಮ ಈಗ ಉತ್ತರ ಕೊಡಲೇಬೇಕು. ಪುಸ್ತಕದಲ್ಲಿ ಕವಿ ಮೌನವಾಗಿ ದಾಟಿದ್ದಿರಬಹುದು, ಕೂಟದಲ್ಲಿ ದಾಟುವಂತಿಲ್ಲ, ಎದುರಿಗೆ ಸಭೆ ಇದೆ. ವಾಲಿವಧೆಯಲ್ಲಿಯೂ ಹೀಗೆಯೇ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯ ಎದುರು ರಾಮನ ಅರ್ಥ ಹೇಳುವುದೆಂದರೆ ಸಣ್ಣ ಮಾತಾಗಿರಲಿಲ್ಲ ಎಂದು ಕೇಳಿದವರೆಲ್ಲ ಹೇಳುತ್ತಾರೆ. ಮರೆಯಿಂದ ಬಿಟ್ಟ ಬಾಣದ ಲೆಕ್ಕವನ್ನು ಬಾಣ ಬಿದ್ದ ಜಾಗದಲ್ಲಿಯೇ ಕೇಳುವ ಪದ್ಧತಿ ಇದು. ಓದುಗ ಮುನಿಸಿಕೊಂಡು ಪುಸ್ತಕ ಮುಚ್ಚಿಡುವ ಬದಲು ಪಾತ್ರದ ಒಳಗೆ ಹೊಕ್ಕು ವಾದಕ್ಕಿಳಿಯುವ ಇಂಥ ಏರ್ಪಾಡು ಪಡುವಣ ಕಾದಂಬರಿ ಓದುಗರಿಗೆ ಇಲ್ಲ. ಪಾಪ, ಅವರು ಗೊಣಗುವುದು ಬಿಟ್ಟು ಇನ್ನೇನು ಮಾಡಿಯಾರು?

ನಂದಳಿಕೆಯ ಲಕ್ಷ್ಮೀನಾರಣಪ್ಪ, ನಮ್ಮ ಮುದ್ದಣ, ಈ ಓದುಗನನ್ನು ಕೃತಿಯ ಒಳಗೇ ತಂದು ಕೂರಿಸಿದ. ‘ಶ್ರೀರಾಮಾಶ್ವಮೇಧಂ’ ಅಪ್ಪಟ ಮುಂದಿನ ಭಾಗ: ಪಟ್ಟಾಭಿಷೇಕ ಕಳೆದು, ಸೀತೆ ಕಾಡು ಸೇರಿ, ಕುದುರೆ ಹೊರಟ ಕಥೆ. ಉಡುಪಿಯಲ್ಲಿ ವ್ಯಾಯಾಮದ ಮೇಷ್ಟರಾಗಿದ್ದುಕೊಂಡು, ತನ್ನ ಹೆಸರನ್ನು ಮರೆಮಾಡಿ, ಹಳೆಯ ಕಾಲದ ಕೃತಿಯೆಂಬಂತೆ ಮೈಸೂರಿನ ಪತ್ರಿಕೆಯೊಂದಕ್ಕೆ ಕಳಿಸಿದ. 1901ರಲ್ಲಿ, ಮೂವತ್ತೊಂದರ ಹರೆಯದಲ್ಲಿ ತೀರಿಯೂ ಹೋದ. ಆ ಕೃತಿಯಲ್ಲಿ ಇಂದಿಗೂ ಓದುಗರ ಬಾಯಲ್ಲಿರುವುದು ಕುದುರೆಯ ಕಥೆಯಲ್ಲ, ಮನೋರಮೆ. ಕಥೆ ಹೇಳುವ ಗಂಡನನ್ನು ಅವಳು ಸುಮ್ಮನೆ ಕೇಳಿಸಿಕೊಳ್ಳುವವಳಲ್ಲ. ಯಾವ ಕಥೆ ಬೇಕು, ಯಾವುದು ಬೇಡ, ಪದ್ಯವೋ ಗದ್ಯವೋ, ಎಲ್ಲಿ ಉದ್ದವಾಯಿತು, ಎಲ್ಲಿ ಅರ್ಥವಾಗಲಿಲ್ಲ, ಎಲ್ಲದಕ್ಕೂ ಅವಳದೊಂದು ಮಾತು ಇದೆ. ಮುಂದಿನ ಭಾಗ ಬರೆಯುವವನು ಓದುಗರ ಅಭಿಪ್ರಾಯಕ್ಕೆ ಹೆದರಿ ಕೂರದೆ ಅದಕ್ಕೊಂದು ಮಣೆ ಹಾಕಿದ ಉದಾಹರಣೆ ಇದಕ್ಕಿಂತ ಚೆಂದದ್ದು ನನಗೆ ಕಾಣದು.

ಹೊರಗಿನ ಒಂದು ಸಾಕ್ಷಿ ಹೇಳಿ ಬಿಡುತ್ತೇನೆ. ಅರ್ಸುಲಾ ಲೆ ಗುಯಿನ್ ಎಂಬಾಕೆಯ ‘ಅರ್ತ್‌ಸೀ’ ಕಥಾಮಾಲೆಯ ಮೂರನೆಯ ಪುಸ್ತಕ 1972ರಲ್ಲಿ ಬಂತು. ಮೂರರಲ್ಲೇ ಮುಗಿಯಿತೆಂದು ಎಲ್ಲರೂ ತಿಳಿದುಕೊಂಡಿದ್ದರು. ಹದಿನೆಂಟು ವರ್ಷ ಕಳೆದು, 1990ರಲ್ಲಿ ನಾಲ್ಕನೆಯದಾಗಿ ‘ತೆಹಾನು’ ಬಂದಾಗ ಹಳೆಯ ಅಭಿಮಾನಿಗಳಲ್ಲಿ ಅನೇಕರು ಕಂಗಾಲಾದರು. ಹಿಂದಿನ ಪುಸ್ತಕಗಳಲ್ಲಿ ಡ್ರ್ಯಾಗನ್ನುಗಳೊಡನೆ ಮಾತಾಡಿದ ಮಹಾಮಾಂತ್ರಿಕ ಗೆಡ್ ಇದರಲ್ಲಿ ಶಕ್ತಿಯನ್ನೆಲ್ಲ ಕಳೆದುಕೊಂಡು ಬಂದು ಆಡು ಕಾಯುತ್ತಾನೆ. ಕಥೆ ನಡೆಯುವುದು ರೈತನ ವಿಧವೆಯಾದ ತೆನಾರ್‌ಳ ಅಡುಗೆಮನೆ, ಅಂಗಳ, ಬೆಂಕಿಯಲ್ಲಿ ಅರ್ಧ ಮುಖ ಸುಟ್ಟುಹೋದ ಸಣ್ಣ ಹುಡುಗಿಯೊಬ್ಬಳ ಸುತ್ತ. ಪಾತ್ರೆ ತೊಳೆಯುವುದನ್ನು ಓದಲಿಕ್ಕೆ ನಾವು ಈ ಲೋಕಕ್ಕೆ ಬಂದೆವೇ ಎಂದು ಕೇಳಿದರು. ಆದರೆ ಆ ಮೊದಲ ಮೂರು ಪುಸ್ತಕಗಳ ಲೋಕದಲ್ಲಿ ದೊಡ್ಡ ಮಂತ್ರವಿದ್ಯೆ ಗಂಡಸರಿಗೆ ಮಾತ್ರ ಇತ್ತು. ಹಳ್ಳಿಯ ಹೆಂಗಸಿನ ಮಂತ್ರವನ್ನು ಕೆಳದರ್ಜೆಯದೆಂದು ಕರೆದು ಕಥೆ ಮುಂದೆ ಹೋಗಿತ್ತು. ಲೆ ಗುಯಿನ್ ತಾನೇ ಉಳಿಸಿದ ಬಾಕಿಯನ್ನು ತಾನೇ ತೀರಿಸಲು ಬಂದಿದ್ದಳು. ತೆಹಾನುವನ್ನು ಓದಿದ ಮೇಲೆ ಮೊದಲ ಪುಸ್ತಕವನ್ನು ಮೊದಲಿನ ಹಾಗೆ ಓದುವುದಕ್ಕಾಗುವುದಿಲ್ಲ. ಅದನ್ನೇ ಕೆಲವರು ಹಾನಿ ಎಂದರು. ನಾನು ಅದನ್ನು ಆ ಪುಸ್ತಕದ ಯೋಗ್ಯತೆ ಎನ್ನುತ್ತೇನೆ.

ಹಾಗಾದರೆ ಓದುಗರ ದೂರಿಗೆ ಬೆಲೆಯೇ ಇಲ್ಲವೇ, ಬಯ್ಗುಳ ಬಂದ ಪುಸ್ತಕವೆಲ್ಲ ಒಳ್ಳೆಯದೇ ಎಂದು ಕೇಳಿದರೆ, ಖಂಡಿತ ಅಲ್ಲ. ಸುಳ್ಳು ವಸೂಲಿಯೂ ಇದೆ. ಮೊದಲ ಭಾಗ ದುಡ್ಡು ಮಾಡಿತೆಂದು, ಅದರಲ್ಲಿ ಇಲ್ಲದ ಬಾಕಿಯನ್ನು ಹುಟ್ಟಿಸಿ, ಸತ್ತ ಖಳನಿಗೆ ಒಬ್ಬ ತಮ್ಮನನ್ನು ತಂದು ನಿಲ್ಲಿಸುವುದು ಸಿನಿಮಾದಲ್ಲೂ ಕಾದಂಬರಿಯಲ್ಲೂ ದಿನಾ ಕಾಣುವ ಚಾಳಿ. ಆಟದ ಮೇಳಗಳೇನೂ ಇದಕ್ಕೆ ಹೊರತಲ್ಲ. ಗೆದ್ದ ಪ್ರಸಂಗದ ಬಾಲ ಹಿಡಿದು ಹೊಸ ಪ್ರಸಂಗ ಕಟ್ಟಿದ್ದನ್ನು ನಮ್ಮ ಜಿಲ್ಲೆ ನೋಡಿದೆ, ಒಂದು ತಿರುಗಾಟಕ್ಕೆ ಮರೆತೂ ಇದೆ. ಇಲ್ಲಿ ಓದುಗನ ಸಿಟ್ಟು ನ್ಯಾಯವಾದದ್ದು. ಎರಡು ಸಿಟ್ಟುಗಳನ್ನು ಬೇರೆ ಮಾಡುವುದೂ ಕಷ್ಟವಲ್ಲ. ‘ನಮ್ಮ ನಾಯಕ ಹೀಗೆ ಮಾಡುವವನಲ್ಲ’ ಎನ್ನುವಾಗ ಮೊದಲ ಭಾಗಕ್ಕೆ ಹಿಂದಿರುಗಿ ಹುಡುಕಬೇಕು. ಹಾಗೆ ಮಾಡುವ ಬೀಜ ಅಲ್ಲೆಲ್ಲೂ ಇಲ್ಲದಿದ್ದರೆ ತಪ್ಪು ಲೇಖಕನದು. ಬೀಜ ಇದ್ದೂ ನಾವು ಅಭಿಮಾನದಲ್ಲಿ ಕಣ್ಣುಮುಚ್ಚಿ ದಾಟಿದ್ದರೆ, ಮುನಿಸಿಕೊಳ್ಳಬೇಕಾದ್ದು ಎರಡನೆಯ ಪುಸ್ತಕದ ಮೇಲಲ್ಲ. ಪೆರುಮಾಳ ಬಲ್ಲಾಳ ಬಾಣ ಬಿಡುವವನು ಎಂಬುದು, ಕೊಟ್ಟ ಮಾತಿಗೆ ಅವನು ಮುಖ ತಿರುಗಿಸಿದ ದಿನವೇ ಪಡುಮಲೆಯಲ್ಲಿ ಗೊತ್ತಾಗಬೇಕಿತ್ತು. ಅರ್ಜುನ ಮಗನನ್ನು ಗುರುತಿಸದವನು ಎಂಬುದೂ ಹಾಗೆಯೇ.

ಇದೇ ಅಳತೆಯನ್ನು ನಮ್ಮ ಪಂಜದ ಕಥೆಗೂ ಹಿಡಿಯದಿದ್ದರೆ ಪಕ್ಷಪಾತವಾದೀತು. ಕೇಮರ ಬಲ್ಲಾಳನ ಬಗ್ಗೆ ಪಂಜದವರು ಹೊರುವ ಸಂಕೋಚವನ್ನು ನಾನು ದೊಡ್ಡದು ಮಾಡಲಾರೆ. ಒಂದು ಸಣ್ಣ ಸೀಮೆಯ ಅರಸ, ನೆರೆಯ ಅರಸನ ಸೀಮೆಯಲ್ಲಿ ಕೊಲೆ ಮಾಡಿ, ಸುಂಕದವನನ್ನೂ ಕೊಂದು ಬಂದ ಇಬ್ಬರು ಗಟ್ಟಿಗರನ್ನು ಸೆರೆಗೆ ಹಾಕಿದ. ಮೋಸದಿಂದ ಹಾಕಿದ ಎನ್ನುವುದು ಅವನ ತಪ್ಪು, ಹಾಕಿದ್ದೇ ತಪ್ಪು ಎನ್ನಲಾಗದು. ಅವನ ಲೆಕ್ಕ ಯುದ್ಧದಲ್ಲಿ ಮುಗಿಯಿತು. ಮುಗಿಯದೆ ಉಳಿದ ಲೆಕ್ಕ ಕಿನ್ನಿದಾರುವಿನದು. ತಮ್ಮಂದಿರಿಗೆ ನೀರು ಕೊಟ್ಟವಳು ಅವಳು, ಗುರುತು ಹಿಡಿದವಳು ಅವಳು. ತಮ್ಮಂದಿರು ಎಣ್ಮೂರಿಗೆ ದಾಟಿ ತನ್ನ ಊರಿನ ಮೇಲೆಯೇ ಯುದ್ಧಕ್ಕೆ ನಿಂತಾಗ, ಗಂಡನ ಮನೆ ಈಚೆ, ತವರಿನ ರಕ್ತ ಆಚೆ ಎಂದಾಗ, ಅವಳು ಯಾವ ಕಡೆ ನೋಡಿದಳು? ನಾವು ಬಾಯಲ್ಲಿ ಹೇಳಿಕೊಳ್ಳುವ ಕಥೆ ಅಷ್ಟು ಹೊತ್ತಿಗೆ ಅವಳನ್ನು ಮನೆಯಲ್ಲಿ ಬಿಟ್ಟು ರಣರಂಗಕ್ಕೆ ಹೋಗಿರುತ್ತದೆ. ಪಂಜೆ ಮಂಗೇಶರಾಯರು ಈ ಕಥೆಯನ್ನು ಕನ್ನಡ ಗದ್ಯಕ್ಕೆ ತಂದರು, 1973ರಲ್ಲಿ ತುಳು ಸಿನಿಮಾ ಆಯಿತು, ಮತ್ತೆ ಇನ್ನೊಂದು ಸಿನಿಮಾ ಬಂದು ರಾಷ್ಟ್ರಪ್ರಶಸ್ತಿ ಪಡೆಯಿತು, ಯಕ್ಷಗಾನಕ್ಕಂತೂ ಇದು ಎಂದೂ ಹಳತಾಗದ ಪ್ರಸಂಗ. ಎಲ್ಲೆಲ್ಲೂ ಹೆಸರು ತಮ್ಮಂದಿರದೇ. ಈ ಸೀಮೆಯಲ್ಲಿ ಬರೆಯುವ ಹುಡುಗ ಹುಡುಗಿಯರು ಈಗ ಬೇಕಾದಷ್ಟು ಮಂದಿ ಇದ್ದಾರೆ. ಪರದೇಶದ ಕಥಾಮಾಲೆಗಳನ್ನು ಕರಗತ ಮಾಡಿಕೊಂಡವರೂ ಅವರಲ್ಲಿದ್ದಾರೆ. ಅವರಲ್ಲಿ ಯಾರಾದರೂ ಕಿನ್ನಿದಾರುವಿನ ಮನೆಯಂಗಳದಿಂದ ಮುಂದಿನ ಭಾಗವನ್ನು ಬರೆಯಲಿ. ನಮಗೆ ಅದು ಹಿಡಿಸದೆ ಹೋಗಬಹುದು, ಹಾಗಲ್ಲ ಹೀಗೆ ಎಂದು ನಾವು ತಕರಾರು ತೆಗೆಯುವುದಂತೂ ಖಂಡಿತ. ಅದಕ್ಕೆ ಹೆದರಿ ಬರೆಯದೆ ಇರಬೇಡಿ.